ಡಿಮ್ ಮಾಡದ ಕಾರು

ನನಗೂ ನನ್ನ ಗಂಡನಿಗೂ ಎರಡು ವರ್ಷದಿಂದ ಜಗಳ ನಡೆದದ್ದು ಕಾರಿನ ದೀಪಕ್ಕೆ. ಬೇರೆಯವರ ಮನೆಯಲ್ಲಿ ಒಡವೆಗೆ, ಜಮೀನಿಗೆ ಕಿತ್ತಾಡುತ್ತಾರೆ. ನಮ್ಮದು ಡಿಮ್ಮು-ಬ್ರೈಟಿನ ಜಗಳ. ಕತ್ತಲಾಯಿತೆಂದರೆ ಇವರು ದೊಡ್ಡ ದೀಪ ಹಾಕಿಬಿಡುವರು. ಎದುರಿಗೆ ಬಸ್ಸು ಬರಲಿ, ಎತ್ತಿನ ಗಾಡಿ ಬರಲಿ, ಇಳಿಸುವ ಮಾತೇ ಇಲ್ಲ. ಎದುರಿನವರಿಗೂ ಕಣ್ಣಿಲ್ಲವೇ ಎಂದು ನಾನು ಬಯ್ದರೆ, ಅವರೇನು ಇಳಿಸುತ್ತಾರಾ ಎಂದು ನನ್ನನ್ನೇ ಕೇಳುವರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ಜೀವಮಾನವೆಲ್ಲ ಸೀಟಿ ಊದಿದವರಿಗೆ ಇನ್ನೊಬ್ಬರ ಸೀಟಿ ಎಲ್ಲಿ ಕೇಳಿಸೀತು?

ಸಾಲದ್ದಕ್ಕೆ ಹಳದಿ ಫಾಗ್ ಲ್ಯಾಂಪು ಬೇರೆ ಹಾಕಿಸಿಕೊಂಡು ಬಂದರು. ಅವು ನೆಲಕ್ಕೆ ಹತ್ತಿರ, ಬಂಪರಿನ ಕೆಳಭಾಗದಲ್ಲಿ ಇರಬೇಕಂತೆ. ನಮ್ಮ ಬೀದಿಯ ಕಲ್ಲಿಗೆ ತಗುಲಿ ಒಡೆದುಹೋಗುತ್ತವೆಂದು ಇವರು ಮೇಲೆ ಕೂರಿಸಿದ್ದರು. ನಮ್ಮದು ದೇವಲಾಪುರದ ಕಡೆಯ ಒಣಭೂಮಿ. ರಾಗಿ, ಹುರುಳಿ ಬೆಳೆಯುವವರಿಗೆ ದಟ್ಟ ಮಂಜಿನ ಪರಿಚಯ ಅಷ್ಟಕ್ಕಷ್ಟೆ. ಮೂಗಿಗಿಂತ ಮೂಗುತಿ ಭಾರ ಎಂದು ಆಡಿಕೊಂಡು ಸುಮ್ಮನಾದೆ.

ಸಂಕ್ರಾಂತಿ ಕಳೆದ ಮೇಲೆ ಶ್ರೀರಂಗಪಟ್ಟಣದಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಹಾಲುಕ್ಕಿಸುವ ಹೊತ್ತಿಗೆ ಇರಬೇಕೆಂದು ಇಬ್ಬರೇ ಬೆಳಗಿನ ಜಾವ ಹೊರಟೆವು. ಪಾಂಡವಪುರ ದಾಟಿ ನಾಲೆಯ ಪಕ್ಕದ ರಸ್ತೆಗೆ ಬರುವಷ್ಟರಲ್ಲಿ, ಗದ್ದೆಗಳ ಮೇಲಿಂದ ಎದ್ದ ಮಂಜು ರಸ್ತೆಯನ್ನೇ ನುಂಗಿಬಿಟ್ಟಿತ್ತು. ಇವರು ಇದ್ದಬದ್ದ ದೀಪವನ್ನೆಲ್ಲ ಹಾಕಿದರು. ಅಷ್ಟು ಬೆಳಕೂ ಮಂಜಿಗೆ ಬಡಿದು ನಮ್ಮ ಮುಖಕ್ಕೇ ವಾಪಸು ಬಂತು. ಕಾರಿನ ಮುಂದೆ ಸುಣ್ಣ ಬಳಿದ ಗೋಡೆ ನಿಂತ ಹಾಗಿತ್ತು. ಬಲಗಡೆ ತುಂಬಿದ ನಾಲೆ, ಅದಕ್ಕೆ ತಡೆಗೋಡೆಯೂ ಇಲ್ಲ. ಡಿಮ್ ಮಾಡಿ ಎಂದು ನಾನು ಹೇಳುತ್ತಲೇ ಇದ್ದೆ, ಅವರು ಕೇಳಿಸಿಕೊಳ್ಳಲಿಲ್ಲ.

ಆ ಬಿಳುಪಿನೊಳಗಿಂದ ಒಂದು ಮೊಪೆಡ್ಡು ಬಂತು. ಡೈರಿಗೆ ಹಾಲು ಹಾಕಲು ಹೊರಟವನು. ನಮ್ಮ ದೀಪ ಕಣ್ಣಿಗೆ ಹೊಡೆದು ಗಾಡಿ ಓಲಾಡಿತು, ಅವನು ನಾಲೆಯ ಏರಿಯ ಮೇಲೆ ಉರುಳಿಬಿದ್ದ. ಇನ್ನೊಂದು ಮಾರು ಹೋಗಿದ್ದರೆ ನೀರು. ನಾನು ಕೂಗಿಕೊಂಡೆ. ನಾವು ಇಳಿದು ಹೋಗುವಷ್ಟರಲ್ಲಿ ಅವನೇ ಎದ್ದು ಕೂತಿದ್ದ. ಕ್ಯಾನು ಮಗುಚಿ ಹಾಲೆಲ್ಲ ಹುಲ್ಲಿನ ಪಾಲಾಗಿತ್ತು.

“ಡಿಮ್ ಮಾಡಕ್ಕೇನ್ಲಾ ನಿಂಗೆ ದೊಡ್ರೋಗ?” ಎಂದವನು ಇವರ ನರೆತ ತಲೆ ನೋಡಿ ದನಿ ತಗ್ಗಿಸಿದ. “ನಂಗೂ ಎಡ್ತಿ ಮಕ್ಳವ್ರೆ ಸಾ.”

ಇವರು ಅವನ ಗಾಡಿ ಎತ್ತಿ ನಿಲ್ಲಿಸಿದರು. ಅವನು ಅದನ್ನು ತಳ್ಳಿಕೊಂಡು ಕುಂಟುತ್ತಾ ಹೊರಟುಹೋದ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಕಾರು ಹತ್ತಿದವಳೇ ಇವರನ್ನು ಕೇಳದೆ ಹಳದಿ ದೀಪ ಆರಿಸಿ, ದೊಡ್ಡದನ್ನು ಡಿಮ್ಮಿಗೆ ಇಳಿಸಿದೆ. ಬೆಳಕು ಮಂಜನ್ನು ಬಿಟ್ಟು ನೆಲಕ್ಕೆ ಬಿತ್ತು. ದೂರ ಕಾಣದಿದ್ದರೂ ಹತ್ತಿರದ ಟಾರು ಕಂಡಿತು, ಎಡಗಡೆ ಅಂಚಿನ ಬಿಳಿ ಗೆರೆ ಕಂಡಿತು.

“ಆ ಗೆರೆ ಹಿಡಿದು ನಿಧಾನಕ್ಕೆ ಹೋಗಿ” ಎಂದೆ.

“ಎಲ್ಲೈತೆ ಗೆರೆ?”

ಹಟಕ್ಕೆ ಹೇಳುತ್ತಿದ್ದಾರೆಂದು ಬಯ್ಯಲು ತಿರುಗಿದೆ. ಎದೆಯನ್ನು ಸ್ಟಿಯರಿಂಗಿಗೆ ಆನಿಸಿಕೊಂಡು, ಆ ಗೆರೆ ಇದ್ದ ಕಡೆಗೇ ಅವರು ಕಣ್ಣರಳಿಸಿ ನೋಡುತ್ತಿದ್ದರು.

ಮೈದಾನದ ಆಚೆ ತುದಿಯಲ್ಲಿ ಬೇಲಿ ಹಾರುವ ಹುಡುಗನನ್ನು ಹೆಸರು ಹಿಡಿದು ಕೂಗುತ್ತಿದ್ದವರು ಇವರು. ಈಚೆಗೆ ಬಾಗಿಲಿಗೆ ಬಂದವರು ಬಾಯಿ ಬಿಡುವ ತನಕ ಗುರುತು ಹಿಡಿಯುತ್ತಿರಲಿಲ್ಲ. ಪೇಪರಿನಲ್ಲಿ ಏನೂ ಇರುವುದಿಲ್ಲ ಎಂದು ತರಿಸುವುದನ್ನೇ ನಿಲ್ಲಿಸಿದ್ದರು. ವಯಸ್ಸಾದ ಮೇಲೆ ಗಂಡಸರಿಗೆ ಧಿಮಾಕು ಹೆಚ್ಚು ಎಂದು ನಾನು ತಂಗಿಯ ಹತ್ತಿರ ಹೇಳಿ ನಗುತ್ತಿದ್ದೆ. ಈಗ ಸಿಟ್ಟೆಲ್ಲ ಇಳಿದು ಭಯ ಹುಟ್ಟಿತು.

ನನಗೆ ಕಾರು ಓಡಿಸಲು ಬಾರದು. ರಸ್ತೆಯ ನಡುವೆ ನಿಲ್ಲುವ ಹಾಗೂ ಇಲ್ಲ, ಹಿಂದೆ ಕಬ್ಬಿನ ಟ್ರಾಕ್ಟರು ಬಂದರೆ ಮುಗಿಯಿತು. ಇಂಡಿಕೇಟರು ಹಾಕಿಸಿ, ಗೆರೆ ನೋಡಿಕೊಂಡು ನಾನು ಹೇಳುತ್ತಾ ಹೋದೆ. ಸ್ವಲ್ಪ ಬಲಕ್ಕೆ, ಸಾಕು, ಸ್ವಲ್ಪ ಎಡಕ್ಕೆ. ಮದುವೆಯಾದಾಗಿನಿಂದ ನನ್ನ ಮಾತನ್ನು ಅಷ್ಟು ವಿಧೇಯವಾಗಿ ಕೇಳಿದವರಲ್ಲ. ಅದು ನನಗೆ ಮಂಜಿಗಿಂತ ಹೆಚ್ಚು ಹೆದರಿಕೆ ತಂದಿತು. ಕೊನೆಗೆ ಒಂದು ಟೀ ಅಂಗಡಿಯ ಮುಂದಿನ ಖಾಲಿ ಜಾಗ ಸಿಕ್ಕಿತು. ಅಲ್ಲಿಗೆ ಇಳಿಸಿಕೊಂಡು ನಿಲ್ಲಿಸಿದೆವು.

ಬಿಸಿಲು ಬಂತು, ಮಂಜು ಕರಗಿತು. ಹಾಲುಕ್ಕಿಸುವ ಹೊತ್ತು ಮೀರಿ ತಂಗಿಯ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು, ನಾನು ಎತ್ತಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಅವರು ಬೀಗದ ಕೈ ಕಿತ್ತು ನನ್ನ ಮಡಿಲಲ್ಲಿಟ್ಟರು.

“ಬೆಳ್ಕು ಜಾಸ್ತಿ ಆಯ್ತು ಅಂತ ಎಲ್ರೂ ಬಯ್ಯೋರು” ಎಂದರು. “ನಂಗೆ ಅದೂ ಸಾಕಾಗ್ತಿರ್ನಿಲ್ಲ ಕಣಮ್ಮಿ.”