ಅವ್ವನ ಕಾಲು ಎತ್ತಿದಾಗ

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ದು ಕುಣಿಯಲ್ಲಿ ಹೂಳುತ್ತಾರೆ. ಜೀವ ಹೋದ ಕೂಡಲೇ, ಮೈ ಸೆಟೆದುಕೊಳ್ಳುವ ಮೊದಲು, ಯಾರಾದರೂ ಗಟ್ಟಿ ಮನಸ್ಸಿನವರು ಎರಡೂ ಕಾಲು ಎತ್ತಿ, ಮಡಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಬೇಕು. ಹಾನಗಲ್ಲ ಕಡೆಯ ನಮ್ಮ ಊರಿನಲ್ಲಿ ಆ ಕೆಲಸ ನನ್ನ ಸೋದರಮಾವನದು, ಅವ್ವನ ತಮ್ಮನದು. ಎಷ್ಟು ಮಂದಿಯನ್ನು ಕೂಡಿಸಿದ್ದಾನೋ ಅವನಿಗೇ ನೆನಪಿಲ್ಲ. ಸಣ್ಣವರಿದ್ದಾಗ ಅವನು ಚೇಷ್ಟೆಗೆ ನಮ್ಮ ಕಾಲು ಹಿಡಿದರೂ ಚೀರಿಕೊಂಡು ಓಡುತ್ತಿದ್ದೆವು.

ಇದನ್ನು ಮೊದಲೇ ಹೇಳದಿದ್ದರೆ ಆಸ್ಪತ್ರೆಯಲ್ಲಿ ಅವನು ಮಾಡಿದ್ದು ಬರೀ ಹುಚ್ಚುತನ ಎನಿಸುತ್ತದೆ. ಹುಚ್ಚುತನವೇ ಅದು. ಆದರೂ ಹೇಳಿರುತ್ತೇನೆ.

ಅವ್ವನ ಹೃದಯ ಮೊದಲಿನಿಂದಲೂ ದುರ್ಬಲ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಾಗಲೆಲ್ಲ ಹೂಂಗುಟ್ಟಿ, ಮನೆಗೆ ಬಂದು ಸವಣೂರಿನ ಖಾರಾ ಪೊಟ್ಟಣ ಬಿಚ್ಚುತ್ತಿದ್ದಳು. ಹೋದ ಮಳೆಗಾಲದಲ್ಲಿ ಜ್ವರ ಬಂತು. ಮೂತ್ರದ ಸೋಂಕು ರಕ್ತಕ್ಕೇರಿತು. ಶಿಗ್ಗಾವಿಯ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಹೆದ್ದಾರಿ ಬದಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಬಿಪಿ ಇಳಿದು ಅಂಗೈ ತಣ್ಣಗಾಗಿತ್ತು. ಮಾವ ನನಗಿಂತ ಮೊದಲೇ ಬಂದು ಐಸಿಯು ಗಾಜಿನ ಹೊರಗೆ ನಿಂತಿದ್ದ.

ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ನನ್ನನ್ನಷ್ಟೇ ಒಳಗೆ ಕರೆದರು.

"ಸಲಾಯಿನ್ ಹಾಕಿದ್ರ ಬಿಪಿ ಏರಬಹುದ್ರಿ. ಆದ್ರ ಇವರ ಹೃದಯ ಆ ನೀರ ತಾಳಿಕೊಳ್ಳಲಿಲ್ಲ ಅಂದ್ರ, ಶ್ವಾಸಕೋಶದಾಗ ನೀರ ತುಂಬತೈತಿ."

ಹಾಕಿದರೂ ಕಷ್ಟ, ಬಿಟ್ಟರೂ ಕಷ್ಟ. ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ. "ಹಂಗಾರ ಏನ ಮಾಡ್ತೀರಿ? ಚೀಟಿ ಎತ್ತತೀರೇನು?" ಅಂದೆ.

"ಅಳೀತೇವ್ರಿ," ಅಂದರು, ಬೇಸರ ಮಾಡಿಕೊಳ್ಳದೆ.

ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡುತ್ತದೆ ಎಂಬುದನ್ನು ಅಳೆಯಬಹುದಂತೆ. ಕುತ್ತಿಗೆಯ ರಕ್ತನಾಳದೊಳಗಿಂದ ಹೃದಯಕ್ಕೆ ಸಣ್ಣ ನಳಿಕೆ ಇಳಿಸಿ, ತಣ್ಣನೆಯ ನೀರು ಬಿಟ್ಟು, ಮುಂದೆ ಹರಿಯುವ ರಕ್ತ ಎಷ್ಟು ತಂಪಾಯಿತು, ಎಷ್ಟು ಬೇಗ ಮತ್ತೆ ಬೆಚ್ಚಗಾಯಿತು ಎಂದು ನೋಡುವುದು ಒಂದು ರೀತಿ. ಈಗಲೇ ಅದು ಬೇಡ, ಮೇಲಿಂದಲೇ ನೋಡೋಣ ಎಂದರು. ಎದೆಯ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿ ಇಟ್ಟು ರಕ್ತ ಹೊರಡುವ ವೇಗ ನೋಡುತ್ತಾರೆ. ಆಮೇಲೆ ತಲೆಯ ಕಡೆ ಮಂಚ ಇಳಿಸಿ ಕಾಲು ಎತ್ತುತ್ತಾರೆ. ಕಾಲಿನ ರಕ್ತ ಎದೆಗೆ ಇಳಿದಾಗ ಹೃದಯ ಮೊದಲಿಗಿಂತ ಹೆಚ್ಚು ದೂಡಿದರೆ ಸಲಾಯಿನ್ ಹಾಕಬಹುದು.

"ಅವರ ರಕ್ತ ಅವರಿಗೇ ಕೊಟ್ಟ ನೋಡೂದ್ರಿ. ಒಗ್ಗಲಿಲ್ಲಂದ್ರ ಕಾಲ ಇಳಿಸಿದ್ರಾತು, ಕಾಲಿಗೇ ಹೊಳ್ಳಿ ಹೋಗತೈತಿ."

ಅಳತೆ ಎಂದರೆ ನನಗೆ ಗೊತ್ತಿದ್ದದ್ದು ಟೇಪು. ಜಂಪರಿನ ಅಳತೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಇಲ್ಲಿ ತಪ್ಪಿದರೆ ಅವ್ವನೇ ಇರುವುದಿಲ್ಲ. ನರ್ಸುಗಳು ಇಬ್ಬರು ಅವಳ ಕಾಲು ಎತ್ತಿ ಹಿಡಿದರು. ಪರದೆಯ ಮೇಲೆ ಬೆಳ್ಳಗಿನ ಮೊನೆಗಳು ಒಂದರ ಹಿಂದೊಂದು ಓಡುತ್ತಿದ್ದವು. ನೋಡನೋಡುತ್ತ ಅವು ಎತ್ತರವಾದವು. ನನಗೆ ಭ್ರಮೆ ಎಂದುಕೊಂಡೆ. ಡಾಕ್ಟರು ನಕ್ಕಾಗ ನಂಬಿದೆ.

"ತಾಳತಾರ್ರಿ. ಸಲಾಯಿನ್ ಹಚ್ಚರಿ," ಎಂದು ನರ್ಸಿಗೆ ಹೇಳಿದರು.

ಹೊರಗೆ ಓಡಿ ಬಂದರೆ ಮಾವ ಗೋಡೆಗೊರಗಿ ಅಳುತ್ತಿದ್ದ. ಕೈಯಲ್ಲಿ ಫೋನಿತ್ತು.

"ಹೋದ್ಲವಾ ಅಕ್ಕ. ಊರಿಗೆ ಹೇಳೇನಿ. ಕುಣಿ ತೋಡಾಕತ್ತಾರ."

"ಮಾವಾ, ಅಕಿ ಜೀವಂತ ಅದಾಳ! ನಿನಗ್ಯಾರ ಹೇಳಿದ್ರು?"

"ತಲಿ ಇಳಿಸಿ ಕಾಲ ಎತ್ತಿದ್ರಲ್ಲವಾ... ನನಗ ಗೊತ್ತಾಗಂಗಿಲ್ಲೇನು?"

ಆಸ್ಪತ್ರೆಯೆಲ್ಲ ಕೇಳುವಂತೆ ಬೈದೆ. ಅಷ್ಟರಲ್ಲಿ ಹಿರೇಕೆರೂರಿನ ಚಿಕ್ಕವ್ವ ಹೂವಿನ ಹಾರ ಹಿಡಿದು ಬಸ್ಸು ಹತ್ತಿಯಾಗಿತ್ತು. ಬಂದವಳು ಏನೂ ತೋಚದೆ ಆ ಹಾರವನ್ನು ಆಸ್ಪತ್ರೆಯ ಗಣಪತಿ ಫೋಟೋಕ್ಕೆ ಹಾಕಿ ಕೈ ಮುಗಿದಳು. ತೋಡಿದ ಕುಣಿಯನ್ನು ಬರಿದಾಗಿ ಮುಚ್ಚಬಾರದೆಂದು ಹಿರಿಯರು ಅದರಲ್ಲಿ ಬಾಳೆದಿಂಡು ಇಟ್ಟು ಮಣ್ಣೆಳೆದರು. ಊರಿಗೆ ಮರಳಿದ ಅವ್ವ ಇದನ್ನು ಕೇಳಿ ಕೆಮ್ಮು ಬರುವ ತನಕ ನಕ್ಕಳು. "ನನ್ನ ಜಾಗಾದಾಗ ಬಾಳಿದಿಂಡ ಕುಂತೇತಿ, ಇನ್ನ ನನಗ ಅವಸರಿಲ್ಲ," ಎಂದು ಬಂದವರಿಗೆಲ್ಲ ಹೇಳಿದಳು.

ಮಾವ ಮಾತ್ರ ನಗಲಿಲ್ಲ. ಮನೆಗೆ ಬಂದಾಗಲೆಲ್ಲ, ಅವ್ವನ ಆರೈಕೆಗೆಂದು ನಾನು ಊರಿಗೇ ತಂದಿಟ್ಟುಕೊಂಡಿದ್ದ ಹೊಲಿಗೆ ಮಷೀನಿನ ಮುಂದೆ ಕುಳಿತು ಅದನ್ನೇ ಕೇಳುತ್ತಿದ್ದ. ಕಾಲು ಎತ್ತಿದರೆ ರಕ್ತ ಎದೆಗೆ ಹೋಗುವುದು ಖರೇನಾ? ನಿಂತಂತೆ ಇದ್ದ ಹೃದಯವೂ ಏಳಬಹುದಾ? ಡಾಕ್ಟರು ಹಾಗೆ ಹೇಳಿಲ್ಲ, ಅದು ಬಡಿಯುವ ಹೃದಯಕ್ಕಷ್ಟೇ ಎಂದು ಹೇಳಿ ಹೇಳಿ ಸಾಕಾಯಿತು. ಒಮ್ಮೆ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಅಂದ:

"ಅಷ್ಟ ಮಂದೀದು ಕಾಲ ಎತ್ತೇನವಾ. ಎತ್ತಿದ ಮ್ಯಾಲ ಒಬ್ಬರದರ ಎದಿ ಮುಟ್ಟಿ ನೋಡೇನೇನು?"

ಅಂದಿನಿಂದ ಅವನು ಯಾರ ಮನೆಗೂ ಆ ಕೆಲಸಕ್ಕೆ ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟ ನೋವು ಎಂದು ಸುಳ್ಳು ಹೇಳಿ ಹೊಲಕ್ಕೆ ಹೋಗುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಅವ್ವ ಚಹಾ ಕೇಳಿದಳು. ನಾನು ತರುವಷ್ಟರಲ್ಲಿ ಹೋಗಿದ್ದಳು. ಊರಿನ ನರ್ಸಕ್ಕ ಬಂದು ನಾಡಿ ಹಿಡಿದು, ಎದೆಗೆ ಕೊಳವೆ ಇಟ್ಟು ಕೇಳಿ, ನನ್ನ ಭುಜ ಮುಟ್ಟಿದಳು. ಹಿರಿಯರು ಬೇರೆಯವರನ್ನು ಕರೆಯಲು ಹೊರಟಾಗ ಮಾವ ಎದ್ದ. ತನ್ನ ಅಕ್ಕನನ್ನು ಇನ್ನೊಬ್ಬರು ಮುಟ್ಟುವುದು ಬೇಡ ಎಂದ.

ಅವ್ವನ ಎರಡೂ ಕಾಲು ಎತ್ತಿದ. ಮಡಚಲಿಲ್ಲ. ಎತ್ತಿ ಹಿಡಿದುಕೊಂಡೇ ನಿಂತು ಅವಳ ಮುಖ ನೋಡತೊಡಗಿದ.

"ಮಡಚೋ, ಸೆಟಕೊಂತೈತಿ," ಎಂದರು ಹಿರಿಯರು.

ಮಾವ ನನ್ನ ಕಡೆ ತಿರುಗಿ, "ಎದಿ ಮ್ಯಾಲ ಕೈ ಇಟ್ಟ ನೋಡವಾ," ಎಂದ.

ಇಟ್ಟೆ. ಏನೂ ಇರಲಿಲ್ಲ. ಇರುವುದಿಲ್ಲ ಎಂದು ಅವನಿಗೆ ಹತ್ತಾರು ಸಲ ತಿಳಿಸಿ ಹೇಳಿದವಳು ನಾನೇ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಇನ್ನ ಸ್ವಲ್ಪ ಹಿಡಿ ಮಾವಾ," ಅಂದೆ.