ಡೈರಿಗೆ ರಜೆಯಿಲ್ಲ

ಬಿಳಿಕೆರೆ ಹತ್ತಿರದ ಊರೊಂದರಲ್ಲಿ ಮನೆಮನೆ ತಿರುಗಿ ಹಸು ಕಟ್ಟಿಸಿ, ಹಾಲಿನ ಡೈರಿ ಬೆಳೆಸಿದವರು ಕಾರ್ಯದರ್ಶಿ ಶಿವನಂಜಪ್ಪ. ಅವರು ತೀರಿಕೊಂಡ ದಿನ ಸಂಜೆ ಡೈರಿ ಮುಚ್ಚೋಣವೆಂದು ಎಲ್ಲರೂ ಅಂದಾಗ, ಅವರ ಜೊತೆ ಹಾಲು ಪರೀಕ್ಷಿಸುತ್ತಿದ್ದ ನೀಲಾಂಬಿಕೆಗೆ ಸಿಟ್ಟೇ ಬಂತು. ಹಬ್ಬಕ್ಕೆ ಅವಳು ರಜೆ ಕೇಳಿದಾಗಲೆಲ್ಲ ಶಿವನಂಜಪ್ಪನವರದು ಒಂದೇ ಮಾತು: “ಹಸುಗೋಗಿ ಯೋಳವ್ವ, ಇವತ್ತು ಕೆಚ್ಚಲು ತುಂಬಿಸ್ಕಬ್ಯಾಡ ಅಂತ.”

ಅವಳು ಅಳುತ್ತಲೇ ಬೀಗ ತೆಗೆದಳು. ಊರವರು ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ಸಾವಿನ ಮನೆಗೆ ನಡೆದರು. ಮೆರವಣಿಗೆ ಡೈರಿ ಮುಂದೆ ಬರುವಾಗ ಎದುರಿಗೆ ಹಾಲಿನ ಲಾರಿ ಬಂತು. ದಾರಿ ಬಿಡಲು ಡ್ರೈವರ್ ಲಾರಿಯನ್ನು ಹಿಂದಕ್ಕೆ ತೆಗೆಯತೊಡಗಿದ. ಆದರೆ ಹೆಣ ಹೊತ್ತವರೇ ಪಕ್ಕಕ್ಕೆ ಸರಿದು ನಿಂತರು.

“ನಡಿಯಣ್ಣ ನೀನು,” ಎಂದಳು ನೀಲಾಂಬಿಕೆ. “ಹಾಲು ಒಡೆದೋದ್ರೆ ಸೆಕ್ರೆಟ್ರಿ ಎದ್ದು ಕೂತ್ಕಂಡು ಬಯ್ತಾರೆ.”