ಒಗ್ಗರಣೆ ಡಬ್ಬಿಯಲ್ಲಿ ಅಕ್ಕನ ಸೋಬಾನೆ

ಕಾರ್ತಿಕ ಮಾಸ, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ, ದೊಡ್ಡಬಳ್ಳಾಪುರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ನಮ್ಮ ತಾಲ್ಲೂಕಿನದೇ ಮಧುರೆ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅಕ್ಕ ಮತ್ತು ಭಾವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೂ ಪಾಳಿಯ ದಿನಚರಿ ಬರೆದವನು ನಾನು. ಬೇರೆ ರೀತಿ ಶುರು ಮಾಡಲು ನನಗೆ ಬರುವುದಿಲ್ಲ.

ನಡುಮನೆಯ ಮೇಜಿನ ಮೇಲೆ ಒಂದು ಸ್ಟೀಲಿನ ಒಗ್ಗರಣೆ ಡಬ್ಬಿ ಇತ್ತು. ಅದರೊಳಗೆ ಸಾಸಿವೆ, ಜೀರಿಗೆಯ ಬದಲು ನಾನೇ ಬೆಸುಗೆ ಹಾಕಿದ ಒಂದು ಸಣ್ಣ ಯಂತ್ರವಿತ್ತು. ಒಂದು ಕಡೆಯಿಂದ ಫೋನಿನ ತಂತಿ ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ನನ್ನ ಹಳೆಯ ಆಂಪ್ಲಿಫೈಯರಿಗೆ ತಂತಿ ಹೊರಡುತ್ತಿತ್ತು. ಅಕ್ಕನನ್ನು ಸ್ಪೀಕರ್‌ಗಳ ಎದುರಿಗೆ ಕೂರಿಸಿ ಸ್ವಿಚ್ ಒತ್ತಿದೆ.

ಗೊರ್ ಎಂಬ ಸದ್ದು ಬಂತು. ಅದರ ಹಿಂದೆ ಎಲ್ಲೋ ಅಕ್ಕನ ಹಾಡು, ಬಾವಿಯೊಳಗಿಂದ ಕೂಗಿದ ಹಾಗೆ.

"ಕೇಳುಸ್ಕೊಂಡ್ಯಾ?" ಎಂದಳು ಅಕ್ಕ. "ನಾನ್ ಹೇಳಿರ್ಲಿಲ್ವಾ? ನನ್ ಗಂಟ್ಲು ಮುಗೀತು ಕಣೋ. ಸುಮ್ನೆ ಯಾವ್ದಾದ್ರೂ ಆರ್ಕೆಸ್ಟ್ರಾ ಕರ್ಸು."

ಈ ಮಾತು ಏಕೆ ಬಂತೆಂದು ಹೇಳಬೇಕು. ನನ್ನ ಮದುವೆಯಲ್ಲಿ ಸೋಬಾನೆ ಹಾಡಿದವಳು ಅಕ್ಕ. ನನ್ನ ಮಗಳ ಮದುವೆಯಲ್ಲೂ ಅವಳೇ. ಈಗ ಮಗಳ ಮಗಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಆದರೆ ಕಳೆದ ವೈಶಾಖದಲ್ಲಿ ಹೊಸಕೋಟೆಯ ನೆಂಟರ ಮನೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಅಕ್ಕ ಹಾಡಿದ್ದನ್ನು ಮದುಮಗಳಾಗಲಿರುವ ಈ ಮೊಮ್ಮಗಳೇ ಫೋನಿನಲ್ಲಿ ಹಿಡಿದುಕೊಂಡಿದ್ದಳು. ಹಿಡಿದದ್ದನ್ನು ಅಲ್ಲೇ, ಫೋನಿನ ಕಡ್ಡಿಪೆಟ್ಟಿಗೆಯಷ್ಟು ಬಾಯಿಯಲ್ಲಿ, ಅಕ್ಕನಿಗೆ ಕೇಳಿಸಿಯೂಬಿಟ್ಟಿದ್ದಳು. ತನ್ನ ಹಾಡನ್ನು ತಾನೇ ಅಕ್ಕ ಕೇಳಿದ್ದು ಅದೇ ಮೊದಲು. "ಇದೇನೇ, ಡಬ್ರಿಯೊಳಗೆ ನೊಣ ಬಿದ್ದಂಗೈತೆ" ಎಂದವಳು ಆಮೇಲೆ ಹಾಡಲು ಬಾಯಿ ತೆರೆಯಲಿಲ್ಲ. ಮೊಮ್ಮಗಳು ಅತ್ತಳು, ಬೇಡಿಕೊಂಡಳು. ಅಜ್ಜಿ ಹಾಡದಿದ್ದರೆ ಅರಿಶಿನವೇ ಬೇಡ ಎಂದಳು. ಅಕ್ಕ ಜಗ್ಗಲಿಲ್ಲ.

ಫೋನಿನ ತಪ್ಪು, ನಿನ್ನದಲ್ಲ ಎಂದು ಬಾಯಲ್ಲಿ ಹೇಳಿದರೆ ಅಕ್ಕ ನಂಬುವವಳಲ್ಲ. ಕಿವಿಗೆ ತೋರಿಸಬೇಕು. ಮೊಮ್ಮಗಳು ಆ ಹಾಡನ್ನು ನನ್ನ ಫೋನಿಗೂ ಕಳಿಸಿದ್ದಳು. ನನ್ನ ಬಳಿ ಒಳ್ಳೆಯ ಆಂಪ್ಲಿಫೈಯರ್ ಇತ್ತು, ಮರದ ಪೆಟ್ಟಿಗೆಯ ಎರಡು ಸ್ಪೀಕರ್‌ಗಳಿದ್ದವು. ಕೊರತೆ ನಡುವಿನದು. ಫೋನಿನೊಳಗೆ ಹಾಡು ಇರುವುದು ಬರೀ ಅಂಕಿಗಳ ರೂಪದಲ್ಲಿ. ಆ ಅಂಕಿಗಳನ್ನು ಮತ್ತೆ ಸದ್ದಿನ ಅಲೆಯಾಗಿ ಮಾಡುವ ಯಂತ್ರಕ್ಕೆ ಡ್ಯಾಕ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುತ್ತದೆ. ಆದರೆ ಒಂದು ಜೀವಮಾನ ಬೆಸುಗೆ ಕಡ್ಡಿ ಹಿಡಿದವನು ಅಂಗಡಿಯಿಂದ ತರುವುದೆಂದರೆ, ಅಡಿಗೆಯವನು ಮನೆಗೆ ಹೋಟೆಲಿನ ಸಾರು ತಂದ ಹಾಗೆ.

ಬಿಡಿಭಾಗ ಹುಡುಕಿದ ಆ ವಾರಗಳು ನಿವೃತ್ತಿಯ ನಂತರ ನಾನು ಕಂಡ ಅತ್ಯಂತ ಸೊಗಸಾದ ದಿನಗಳು. ನೆಲಮಂಗಲದ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಸಿ.ಡಿ. ಪ್ಲೇಯರ್ ಸಿಕ್ಕಿತು. ಅದರಲ್ಲಿ ನನಗೆ ಬೇಕಾಗಿದ್ದ ಎಂಟು ಕಾಲಿನ ಡ್ಯಾಕ್ ಚಿಪ್ ಇತ್ತು. ಕೀಳುವಾಗ ಹೆಚ್ಚು ಕಾಯಿಸಿ ಸುಟ್ಟುಬಿಟ್ಟೆ. ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಸೇರಿದವರು ಹೀಗೆ ಮಾಡಿದರೆ ಬೈಯುತ್ತಿದ್ದವನು ನಾನು. ನನ್ನನ್ನೇ ಬೈದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ ಹತ್ತಿದೆ. ಏಳನೆಯ ಅಂಗಡಿಯ ಮುದುಕ ಚೀಟಿ ನೋಡಿ ಕನ್ನಡಕ ಹಣೆಗೇರಿಸಿದ. "ಇದನ್ನ ಕೇಳ್ಕೊಂಡು ಜನ ಬರೋದು ನಿಂತು ಎಷ್ಟು ವರ್ಷ ಆಯ್ತು ಸಾರ್! ನೀವಿನ್ನೂ ಇದ್ದೀರಾ?" ಎಂದ. ಟಾರ್ಚ್ ಹಿಡಿದು ಮೇಲಿನ ಡ್ರಾಯರಿಗೆ ಏಣಿ ಹಾಕಿ, ಎರಡು ಚಿಪ್ ತಂದು ಅಂಗೈ ಮೇಲಿಟ್ಟ. ಇಬ್ಬರೂ ಸ್ವಲ್ಪ ಹೊತ್ತು ಅವನ್ನೇ ನೋಡಿ ನಕ್ಕೆವು. ಏಕೆ ನಕ್ಕೆವೋ ಗೊತ್ತಿಲ್ಲ.

ಕೆಪಾಸಿಟರ್, ರೆಸಿಸ್ಟರ್‌ಗಳಿಗೆ ದೂರ ಹೋಗಬೇಕಾಗಲಿಲ್ಲ. ನಮ್ಮದು ಮಗ್ಗದ ಬೀದಿ. ಕರೆಂಟಿನ ಮಗ್ಗಗಳ ಮೇಲೆ ಈಗ ಸೀರೆಯ ಅಂಚಿನ ಚಿತ್ತಾರಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಕೂರಿಸಿದ್ದಾರೆ. ಅವನ್ನು ರಿಪೇರಿ ಮಾಡುವವನ ಅಂಗಡಿ ನಮ್ಮ ಮನೆಯಿಂದ ನಾಲ್ಕನೆಯದು. ಅವನ ಡಬ್ಬಗಳಲ್ಲಿ ಎಲ್ಲವೂ ಉಂಟು. ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಭಾಗವನ್ನೂ ಅವನೇ ಕೊಟ್ಟ. "ಏನ್ ಯಜಮಾನ್ರೇ, ಈ ವಯಸ್ಸಲ್ಲಿ ರಾಕೆಟ್ ಬಿಡ್ತೀರಾ?" ಎಂದು ದಿನಾ ಕೇಳುತ್ತಿದ್ದ.

ಪೆಟ್ಟಿಗೆ ಲೋಹದ್ದಾಗಿರಬೇಕಿತ್ತು. ಹೆಂಡತಿಯ ಒಗ್ಗರಣೆ ಡಬ್ಬಿಗಿಂತ ಅಳತೆಗೆ ಸರಿಯಾದದ್ದು ಮನೆಯಲ್ಲಿರಲಿಲ್ಲ. ತೂತು ಕೊರೆದ ಮೇಲೆಯೇ ಅವಳಿಗೆ ಹೇಳಿದೆ.

"ರೀ, ಅತ್ತಿಗೆ ಹಾಡ್ತೀನಿ ಅಂದ್ರೆ ಡಬ್ಬಿ ಹೋದ್ರೆ ಹೋಯ್ತು. ಹಾಡಲ್ಲ ಅಂದ್ರೆ ನೋಡಿ ನಿಮ್ಗೆ ಮಾಡ್ತೀನಿ" ಎಂದಳು.

ನನ್ನ ವಾರದಲ್ಲಿ ಪ್ರತಿ ಕೆಲಸಕ್ಕೂ ಒಂದು ದಿನ, ಒಂದು ವೇಳೆ. ಸೋಮವಾರ ಗಿಡ, ಮಂಗಳವಾರ ಸೈಕಲ್, ಹೀಗೆ. ಬೆಸುಗೆ ಮತ್ತು ಪರೀಕ್ಷೆಗೆ ಭಾನುವಾರ ಬೆಳಿಗ್ಗೆ ಆರರಿಂದ ಎಂಟು. ಒಂದು ನಿಮಿಷ ಆಚೀಚೆ ಇಲ್ಲ. ಕೊನೆಯ ಎರಡು ಭಾನುವಾರ ಅಕ್ಕನ ಹಾಡನ್ನು ಆ ಡಬ್ಬಿಯ ಮೂಲಕ ಪೂರ್ತಿ ಕೇಳಿದ್ದೆ. ಅಕ್ಕ ಪಕ್ಕದಲ್ಲಿ ಕೂತು ಹಾಡಿದಷ್ಟು ಹತ್ತಿರ. ಪಲ್ಲವಿಯ ಕೊನೆಗೆ ಅವಳ ಬಳೆ ಸದ್ದಾದದ್ದೂ ಕೇಳಿತ್ತು. ಹೆಂಡತಿ ಒಲೆ ಆರಿಸಿ ಬಂದು ನಿಂತಿದ್ದಳು. ನೋಟ್‌ಬುಕ್ಕಿನಲ್ಲಿ 'ದೋಷವಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ಈಗ ಗುರುವಾರ ಈ ಗೊರ್.

ತಂತಿಗಳನ್ನು ಒಂದೊಂದಾಗಿ ಅಲ್ಲಾಡಿಸಿದೆ. ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಉಳಿದಿದ್ದ ಇನ್ನೊಂದು ಚಿಪ್ ಹಾಕಿದೆ. ಗೊರ್. ಭಾವ ಸೋಫಾದಲ್ಲಿ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡರು. ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನು ಅವರು ಹೊಸ ವಾಷರ್ ಹಾಕಿಸಲು ಪೇಟೆಗೆ ತಂದಿದ್ದರು. ರಿಪೇರಿಯಾದ ಪಂಪು ಬಾಗಿಲ ಬಳಿ ಗೋಡೆಗೊರಗಿತ್ತು.

"ಏನ್ ಬಾಮೈದ, ಡಬ್ಬಿ ತೊಳೀದೆ ಕೊಟ್ಳಾ ನನ್ ತಂಗಿ? ಸಾಸ್ವೆ ಸಿಡೀತಾ ಐತಲ್ಲ!"

"ಅಣ್ಣ, ತೊಳ್ದೇ ಇಟ್ಟಿದ್ದೆ. ಕದ್ದೋರ್ನ ಕೇಳಿ" ಎಂದಳು ಹೆಂಡತಿ ಅಡಿಗೆಮನೆಯಿಂದ.

ನಗಲಾಗಲಿಲ್ಲ ನನಗೆ. ಆ ಹೊತ್ತಿನಲ್ಲಿ ಅಕ್ಕ ಹೊರಟುಹೋದರೆ ಅವಳ ಗಂಟಲು ಮುಗಿದದ್ದಕ್ಕೆ ನನ್ನ ಯಂತ್ರವೇ ಸಾಕ್ಷಿ ಹೇಳಿದ ಹಾಗಾಗುತ್ತಿತ್ತು. ಹನ್ನೊಂದು ಮುಕ್ಕಾಲಿಗೆ ಅವಳು ಚೀಲ ಕೈಗೆತ್ತಿಕೊಂಡಳು. ಎರಡು ಹೆಜ್ಜೆ ಇಟ್ಟವಳು ನಿಂತಳು. ತಲೆ ವಾರೆ ಮಾಡಿದಳು.

"ಲೇ ತಮ್ಮ, ಅದು ಈಗ ಕಮ್ಮಿ ಆಯ್ತಲ್ಲೋ."

"ಯಾವ್ದು ಅಕ್ಕ?"

"ಆ ಗೊರ್ ಅನ್ನೋದು. ಪಕ್ಕದ್ಮನೆ ಮಗ್ಗ ನಿಂತೋಯ್ತು ನೋಡು, ಇದೂ ಇಳೀತು. ತಡಿ... ಹಾಂ, ಮತ್ತೆ ಶುರು ಮಾಡುದ್ರು. ಈಗ ಕೇಳು."

ಕೇಳಿದೆ. ಪಕ್ಕದ ಮಗ್ಗ ಹೊಡೆಯಲು ಶುರುವಾಗುತ್ತಿದ್ದಂತೆ ನನ್ನ ಡಬ್ಬಿಯ ಗೊರ್ ಎದ್ದಿತು. ನಾವಿಬ್ಬರೂ ಹುಟ್ಟಿದ್ದು ಇದೇ ಬೀದಿಯಲ್ಲಿ. ಆದರೆ ಇಲ್ಲೇ ಉಳಿದ ನನಗೆ ಮಗ್ಗದ ಸದ್ದು ಕೇಳಿಸುವುದು ನಿಂತು ಯಾವ ಕಾಲವಾಯಿತೋ. ಹೊಲದ ಕಡೆಗೆ ಮದುವೆಯಾಗಿ ಹೋದ ಅಕ್ಕನ ಕಿವಿಗೆ ಅದು ಬೇರೆಯಾಗಿ ಕೇಳಿತು.

ಆಗ ಹೊಳೆಯಿತು. ಭಾನುವಾರ ನಮ್ಮ ಬೀದಿಯ ಮಗ್ಗಗಳಿಗೆ ರಜೆ. ನಾನು ಪರೀಕ್ಷೆ ಮಾಡಿದ್ದೆಲ್ಲ ಭಾನುವಾರ. ಉಳಿದ ಆರು ದಿನ ಇಷ್ಟು ಮೋಟಾರುಗಳು ಒಂದೇ ಲೈನಿನಲ್ಲಿ ಎಳೆದು ಬಿಟ್ಟು ಕರೆಂಟನ್ನು ಕಲಕುತ್ತವೆ, ಆ ಕಲಕು ಗೋಡೆಯ ಪ್ಲಗ್ಗಿನ ಅಡಾಪ್ಟರಿನಿಂದ ನನ್ನ ಡಬ್ಬಿಗೆ ಬರುತ್ತಿತ್ತು. ಖಾತ್ರಿಗೆ ಆಂಪ್ಲಿಫೈಯರಿನಿಂದ ಡಬ್ಬಿಯ ತಂತಿ ಕಿತ್ತೆ. ಆಂಪ್ಲಿಫೈಯರಿಗೂ ಅದೇ ಲೈನು, ಆದರೂ ಸ್ಪೀಕರ್ ಮೌನ. ದೋಷ ಡಬ್ಬಿಗೆ ಬರುವ ಕರೆಂಟಿನಲ್ಲೇ. ನನ್ನ ಶಿಸ್ತೇ ನನ್ನ ಕಣ್ಣಿಗೆ ಮಣ್ಣೆರಚಿತ್ತು.

"ಹಂಗಾರೆ ಬೀದಿಗೆಲ್ಲ ರಜ ಕೊಡ್ಸು" ಎಂದರು ಭಾವ. "ನಿನ್ ಅಕ್ಕನ್ ಹಾಡು ಮುಗಿಯೋಗಂಟ."

ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ನೆನಪಾಯಿತು. ಬೆಳಿಗ್ಗೆ ಪಾಳಿಗೆ ಹೋದವರು ಮೊದಲು ಮಾಡುವ ಕೆಲಸ ಅಲ್ಲಿಯ ಸಾಲು ಸಾಲು ಸೆಲ್‌ಗಳ ವೋಲ್ಟೇಜ್ ಬರೆಯುವುದು. ಊರಿನ ಮಾತೆಲ್ಲ ಬ್ಯಾಟರಿಯ ಕರೆಂಟಿನ ಮೇಲೆ ಹೋಗುತ್ತಿತ್ತು. ಕರೆಂಟು ಹೋದರೂ ಮಾತು ನಿಲ್ಲಬಾರದು, ಬಂದರೂ ಅದರ ಗದ್ದಲ ಮಾತಿಗೆ ತಾಗಬಾರದು. ಅಷ್ಟು ವರ್ಷ ಬರೆದುಕೊಂಡ ಪಾಠವನ್ನು ಮನೆಯ ಯಂತ್ರಕ್ಕೆ ಮರೆತಿದ್ದೆ.

ಗೋಡೆಗೊರಗಿದ್ದ ಪಂಪಿನ ಕಡೆ ನೋಡಿದೆ. ಭಾವನೂ ನೋಡಿದರು.

"ಲೇ ಲೇ, ಅದುನ್ ಮುಟ್ಬ್ಯಾಡ! ನಾಳೆ ಅವರೆಗೆ ಔಷ್ದಿ ಹೊಡೀಬೇಕು ನಾನು."

"ಭಾವ, ಅರ್ಧ ಗಂಟೆ."

"ಕೊಡ್ರಿ ಅತ್ಲಾಗೆ" ಎಂದಳು ಅಕ್ಕ. "ಹುಳ ಎಲ್ಲೋಯ್ತವೆ, ನಾಳಿಕ್ಕೂ ಇರ್ತವೆ."

ಪಂಪಿನ ತಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಹನ್ನೆರಡು ವೋಲ್ಟಿನ ಬ್ಯಾಟರಿ. ನನ್ನ ಡಬ್ಬಿಯೂ ಹನ್ನೆರಡಕ್ಕೇ ಮಾಡಿದ್ದು. ಮೀಟರ್ ಹಿಡಿದು ಪ್ಲಸ್ಸು, ಮೈನಸ್ಸು ನೋಡಿಕೊಂಡು, ಎರಡು ತಂತಿ ಸೇರಿಸಿದೆ. ಔಷಧಿಯ ವಾಸನೆ ನಡುಮನೆ ತುಂಬಿತು. ಹೆಂಡತಿ ಕಿಟಕಿ ತೆಗೆದಳು. ಹೊರಗೆ ಎಲ್ಲ ಮಗ್ಗಗಳೂ ಹೊಡೆಯುತ್ತಿದ್ದವು. ಹನ್ನೆರಡೂ ಹತ್ತಕ್ಕೆ ಸ್ವಿಚ್ ಒತ್ತಿದೆ.

ಗೊರ್ ಇರಲಿಲ್ಲ. ಮೊದಲು ಹೊಸಕೋಟೆಯ ಆ ಮನೆಯ ಗಿಜಿಗಿಜಿ, ಯಾರೋ ಅರಿಶಿನದ ಬಟ್ಟಲು ಇಟ್ಟ ಸದ್ದು, ಆಮೇಲೆ ಅಕ್ಕನ ದನಿ. ತುಂಬಿದ ದನಿ, ತುದಿಯಲ್ಲಿ ಸ್ವಲ್ಪ ಒರಟು. ನನ್ನ ಮದುವೆಯ ದಿನ ಕೇಳಿದ್ದಕ್ಕಿಂತ ತಗ್ಗಿತ್ತು, ತೂಕ ಹೆಚ್ಚಿತ್ತು.

ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಖದಲ್ಲಿ ಏನೂ ಕಾಣಲಿಲ್ಲ. ಹಾಡು ಮುಗಿಯಿತು.

"ಇನ್ನೊಂದ್ ಸಲ ಹಾಕು."

ಹಾಕಿದೆ. ಮೂರನೆಯ ನುಡಿಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು.

"ಇಲ್ಲಿ ಮಧ್ಯದಲ್ಲಿ ಉಸ್ರು ತಗೊಂಡಿದ್ದೀನಿ. ನೋಡು, ಅದೇ ಕೆಟ್ಟಿರೋದು. ಮುಂದಿನ್ ಸಾಲ್ನ ಇನ್ನೊಬ್ರು ಎತ್ಕೊಂಡ್ರೆ ನಂಗೆ ಉಸ್ರು ಸಿಕ್ತೈತೆ. ಆ ಹೊಸಕೋಟೆ ಹೆಣ್ಮಕ್ಳು ನನ್ ಜೊತೆ ಬಾಯೇ ಬಿಡ್ಲಿಲ್ಲ." ಅಡಿಗೆಮನೆಯತ್ತ ತಿರುಗಿ ಕೂಗಿದಳು. "ಏನಮ್ಮಾ, ನೀನ್ ಎತ್ಕೋತೀಯಾ?"

"ನಂಗ್ ಎಲ್ ಬರ್ತೈತೆ ಅತ್ತಿಗೆ?"

"ಬರ್ದಿದ್ರೆ ಬರುಸ್ತೀನಿ. ಹನ್ನೆರ್ಡು ದಿನ ಐತಲ್ಲ. ಬಾ ಇಲ್ಲಿ, ಕೂತ್ಕೋ."

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅಕ್ಕ ಡಬ್ಬಿಯ ಜೊತೆಗೆ ಹಾಡಲು ಶುರು ಮಾಡಿದಳು. ವೈಶಾಖದ ಅಕ್ಕ ಸ್ಪೀಕರಿನಲ್ಲಿ, ಕಾರ್ತಿಕದ ಅಕ್ಕ ಸೋಫಾದಲ್ಲಿ, ನಡುವೆ ನನ್ನ ಹೆಂಡತಿ ತಪ್ಪುತ್ತಾ, ಬೈಸಿಕೊಳ್ಳುತ್ತಾ, ಎತ್ತಿಕೊಳ್ಳುತ್ತಾ. ಜಕಾರ್ಡ್ ರಿಪೇರಿಯವನು ಬಾಗಿಲಿಗೆ ಬಂದು ನಿಂತ. "ಯಜಮಾನ್ರೇ, ರಾಕೆಟ್ ಹಾರ್ತಲ್ಲ!" ಎಂದ. ಅಕ್ಕ ಕಣ್ಣಲ್ಲೇ ಅವನನ್ನು ಸುಮ್ಮನಿರಿಸಿದಳು.

ಅರ್ಧ ಗಂಟೆ ನಾಲ್ಕು ಗಂಟೆಯಾಯಿತು. ನನ್ನ ಊಟದ ವೇಳೆ ಒಂದು ಗಂಟೆ. ಅಂದು ಎರಡೂವರೆಗೆ ಉಂಡೆ. ಅದನ್ನೂ ಬರೆದಿಟ್ಟಿದ್ದೇನೆ. ಭಾವ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಕೂತು, "ಅವರೆ ಹುಳ ಎಲ್ಲಾ ಸೇರ್ಕೊಂಡು ನಿನ್ಗೆ ಹಾರ ಹಾಕ್ತವೆ ಕಣೋ" ಎನ್ನುತ್ತಿದ್ದರು. ಹೇಳುತ್ತಲೇ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ನಾಲ್ಕೂ ಕಾಲಿಗೆ ಅಕ್ಕ ಮೊಮ್ಮಗಳಿಗೆ ತಾನೇ ಫೋನ್ ಮಾಡಿದಳು. "ಆರ್ಕೆಸ್ಟ್ರಾ ಗೀರ್ಕೆಸ್ಟ್ರಾ ಕರ್ಸೀರಾ, ನೋಡಿ ಮತ್ತೆ" ಎಂದಷ್ಟೇ ಹೇಳಿ ಇಟ್ಟಳು. ಆ ಕಡೆಯ ಕಿರುಚಾಟ ನಮಗೆಲ್ಲರಿಗೂ ಡ್ಯಾಕ್ ಇಲ್ಲದೆಯೇ ಕೇಳಿಸಿತು. ಹೆಂಡತಿ ಡಬ್ಬಿಯನ್ನು ಒಮ್ಮೆ ಸವರಿ, ನಾಳೆ ಹೊಸದು ತರಬೇಕೆಂದು ನನಗೆ ಹೇಳಿದಳು. ಶುಕ್ರವಾರ ಪೇಟೆಯ ದಿನವಲ್ಲ. ಆದರೂ ಒಪ್ಪಿದೆ.

ಆರು ಗಂಟೆಯವರೆಗೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದೆ. ತಂತಿ ಸೇರಿಸಿ ಪಂಪಿನೊಳಗೆ ಕೂರಿಸಿ, ನಾಲ್ಕು ಸ್ಕ್ರೂ ಬಿಗಿದೆ. ಬರೀ ನೀರು ತುಂಬಿ ಅಂಗಳದ ಖಾಲಿ ಮೂಲೆಗೆ ಹೊಡೆದು ನೋಡಿದೆ. ವಾಷರ್ ಸೋರಲಿಲ್ಲ. ಪಂಪನ್ನು ಒರೆಸಿ ಭಾವನ ಹೆಗಲಿಗೇರಿಸಿದೆ. ಆರೂವರೆ ಬಸ್ಸಿಗೆ ಅವರೊಬ್ಬರೇ ಹೊರಟರು, ಅಕ್ಕ ಹಾಡು ಕಲಿಸಲು ಉಳಿದಳು.